ಮನಿ ಪ್ಲಾಂಟೋ, ಸ್ನೇಕ್ ಪ್ಲಾಂಟೋ? ಮೊದಲು ಮನೆಯಲ್ಲಿ ಯಾರಿದ್ದಾರೆ ನೋಡಿ

ಬ್ಯಾಡಗಿಯಲ್ಲಿ ಸಂಸಾರ ಮಾಡಿಕೊಂಡಿರುವ ನಮ್ಮ ಅಕ್ಕನ ಮಗಳು ರಮಝಾನ್‌ಗೆ ಸ್ವಲ್ಪ ಮುಂಚೆ ಫೋನ್ ಮಾಡಿದ್ದಳು. ಮನೆಗೆ ಸುಣ್ಣ-ಬಣ್ಣ ಆಗಷ್ಟೇ ಮುಗಿದಿತ್ತು. “ಖಾಲಾ, ಪಡಸಾಲಿಗೆ ಒಂದು ಗಿಡ ಇಡಬೇಕಂತ ಮಾಡೀವಿ. ಮನಿ ಪ್ಲಾಂಟ್ ಛಲೋನೋ, ಸ್ನೇಕ್ ಪ್ಲಾಂಟ್ ಛಲೋನೋ?” ಎಂದು ಕೇಳಿದಳು. “ಮನ್ಯಾಗ ಈಗ ಯಾರು ಯಾರು ಅದೀರಿ?” ಎಂದೆ. “ಗಿಡದ ಸುದ್ದಿ ಕೇಳಿದ್ರ ಮಂದಿ ಲೆಕ್ಕ ಯಾಕ್ರಿ ಖಾಲಾ?” ಎಂದು ನಕ್ಕಳು.

ಲೆಕ್ಕ ಹೀಗಿತ್ತು. ಅವಳ ಮಾವನಿಗೆ ದಮ್ಮು. ಮಾವನ ತಾಯಿ, ಅಂದರೆ ಮನೆಯ ದಾದಿ, ಎಂಬತ್ತು ದಾಟಿದವರು. ಕಣ್ಣು ಮಂಜು, ಎಲೆ-ಅಡಿಕೆ ಮಾತ್ರ ಬಿಟ್ಟವರಲ್ಲ. ಒಂಬತ್ತು ತಿಂಗಳ ಕೂಸು ಅಂಬೆಗಾಲಿಡುತ್ತಿದೆ. ಜೊತೆಗೊಂದು ಬೆಕ್ಕು. ಇಷ್ಟು ತಿಳಿದ ಮೇಲೆ ಉತ್ತರ ಹೇಳುವುದು ನನಗೆ ಸುಲಭವಾಯಿತು. ಅವಳಿಗೆ ಒಪ್ಪಿಸಲು ಮಾತ್ರ ಅರ್ಧ ಗಂಟೆ ಹಿಡಿಯಿತು. ಯಾಕೆಂದರೆ ಅವಳು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದಳು. ಸ್ನೇಕ್ ಪ್ಲಾಂಟ್ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ, ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ, ದಮ್ಮಿನವರ ಮಂಚದ ಪಕ್ಕದಲ್ಲಿಟ್ಟರೆ ಔಷಧಿಯೇ ಬೇಡ ಎಂದು ಅದರಲ್ಲಿ ಹೇಳಿದ್ದರಂತೆ. ಆ ಕೊನೆಯ ಮಾತು ಕೇಳಿಯೇ ಇದನ್ನು ಬರೆಯಬೇಕೆನಿಸಿತು.

ಗಾಳಿ ಶುದ್ಧವಾಗುತ್ತದೆಯೇ?

ಈ ನಂಬಿಕೆ ಪೂರ್ತಿ ಗಾಳಿಸುದ್ದಿಯೇನಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ವಿಜ್ಞಾನಿ ಬಿಲ್ ವುಲ್ವರ್ಟನ್ ಮತ್ತು ಅವರ ಜೊತೆಯವರು 1989ರಲ್ಲಿ ಒಂದು ವರದಿ ಕೊಟ್ಟರು. ಮುಚ್ಚಿದ ಪಾರದರ್ಶಕ ಪೆಟ್ಟಿಗೆಗಳಲ್ಲಿ ಕುಂಡದ ಗಿಡಗಳನ್ನಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲಗಳನ್ನು ಒಳಗೆ ಬಿಟ್ಟು, ಕೆಲವು ಗಂಟೆಗಳ ಬಳಿಕ ಅವು ಎಷ್ಟು ಕಡಿಮೆಯಾದವು ಎಂದು ಅಳೆದರು. ಕಡಿಮೆಯಾಗಿದ್ದವು. ನಮ್ಮ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಎರಡೂ ಆ ಪಟ್ಟಿಯಲ್ಲಿದ್ದವು. ಆ ಕೆಲಸ ನಡೆದದ್ದು ಗಾಳಿ ಒಳಗೂ ಬರದ, ಹೊರಗೂ ಹೋಗದ ಬಾಹ್ಯಾಕಾಶ ನೌಕೆಯಂಥ ಜಾಗಕ್ಕೆಂದು. ಪೆಟ್ಟಿಗೆ ಒಂದು ಘನ ಮೀಟರಿಗಿಂತಲೂ ಚಿಕ್ಕದು. ನಮ್ಮ ಕಪಾಟಿನ ಒಂದು ಖಾನೆ ಎನ್ನಿ. ಮನೆ ಹಾಗಲ್ಲ. ಬಾಗಿಲ ಸಂದು, ಕಿಟಕಿ, ಬೆಳಕಿಂಡಿಗಳಿಂದ ಗಾಳಿ ಸದಾ ಬದಲಾಗುತ್ತಲೇ ಇರುತ್ತದೆ.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಲ್ಲಿಯತನಕ ಪ್ರಕಟವಾಗಿದ್ದ ಇಂಥ 12 ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿ 2019ರಲ್ಲಿ ಫಲಿತಾಂಶ ಹೇಳಿದರು. ಸಾಮಾನ್ಯ ಕಟ್ಟಡದಲ್ಲಿ ಗಾಳಿ ತಾನಾಗಿಯೇ ಬದಲಾಗುವುದರಿಂದ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ, ನೆಲದ ಒಂದೊಂದು ಚದರ ಮೀಟರಿಗೆ 10ರಿಂದ 1000 ಗಿಡ ಇಡಬೇಕು. ಕಡಿಮೆ ಅಂದರೂ ಹತ್ತು! ನಮ್ಮ ಹತ್ತು ಅಡಿ ಕೋಣೆ ಸುಮಾರು ಒಂಬತ್ತು ಚದರ ಮೀಟರ್. ಅದಕ್ಕೆ ತೊಂಬತ್ತು ಕುಂಡ ಇಟ್ಟರೆ ಮಂಚ ಎಲ್ಲಿ ಹಾಕುವುದು?

ರಾತ್ರಿಯ ಆಮ್ಲಜನಕದ ಮಾತೂ ಅರ್ಧ ತಿಳಿದು ಆಡಿದ್ದು. ಬಹುತೇಕ ಗಿಡಗಳು ಎಲೆಯ ಸಣ್ಣ ರಂಧ್ರಗಳನ್ನು ಹಗಲು ತೆರೆಯುತ್ತವೆ. ಸ್ನೇಕ್ ಪ್ಲಾಂಟ್ ಒಣ ಸೀಮೆಯ ಗಿಡ, ಮೂಲ ಪಶ್ಚಿಮ ಆಫ್ರಿಕದ ಕಡೆಯದು. ಹಗಲಿನ ಬಿಸಿಲಿಗೆ ರಂಧ್ರ ತೆರೆದರೆ ನೀರೆಲ್ಲ ಆವಿಯಾಗಿ ಹೋಗುತ್ತದೆಂದು ಅದು ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಹಗಲಿಗೆಂದು ಕೂಡಿಡುತ್ತದೆ. ಆದರೆ ಆಮ್ಲಜನಕ ಹುಟ್ಟುವುದಕ್ಕೆ ಬೆಳಕು ಬೇಕೇ ಬೇಕು. ಕತ್ತಲಲ್ಲಿ ಯಾವ ಗಿಡವೂ ಆಮ್ಲಜನಕ ತಯಾರಿಸುವುದಿಲ್ಲ. ರಾತ್ರಿ ಅದೂ ನಮ್ಮಂತೆ ಉಸಿರಾಡುತ್ತದೆ ಅಷ್ಟೆ.

ಹಾಗೆಂದು ಹೆದರುವುದೂ ಬೇಡ. “ರಾತ್ರಿ ಕೋಣೆಯಲ್ಲಿ ಗಿಡ ಇಟ್ಟರೆ ಉಸಿರು ಕಟ್ಟುತ್ತದೆ” ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಅದರಲ್ಲಿ ಆಮ್ಲಜನಕವೇ ಸುಮಾರು 5,900 ಲೀಟರ್. ಸುಮ್ಮನೆ ಮಲಗಿರುವ ಒಬ್ಬ ದೊಡ್ಡವರಿಗೆ ನಿಮಿಷಕ್ಕೆ ಹೆಚ್ಚು ಕಡಿಮೆ ಕಾಲು ಲೀಟರ್ ಸಾಕು, ಎಂಟು ಗಂಟೆಗೆ 120 ಲೀಟರ್. ಕುಂಡದ ಗಿಡ ಕೊಡುವುದಾಗಲಿ ಕಿತ್ತುಕೊಳ್ಳುವುದಾಗಲಿ ಇದರ ಮುಂದೆ ಏನೇನೂ ಅಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಬರೀ ಮೊಬೈಲಿನ ಮಾತಾಗಿ ಉಳಿಯುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬರುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೂ ಚೀಲ ಸುರಿಯುವ, ಆರಿಸುವ, ತೊಟ್ಟು ಬಿಡಿಸುವ ಕಡೆ ಏಳುವ ಘಾಟು ಗಂಟಲಿಗೆ ಹತ್ತದೆ ಬಿಡುವುದಿಲ್ಲ. ಈ ಧೂಳನ್ನು, ಘಾಟನ್ನು ಹೀರಿ ಹಾಕುವ ಗಿಡ ಯಾವುದೂ ಇಲ್ಲ. ಎಲೆಯ ಮೇಲೆ ಸ್ವಲ್ಪ ಧೂಳು ಕೂರುತ್ತದೆ, ಟೇಬಲ್ಲಿನ ಮೇಲೂ ಕೂರುತ್ತದೆ. ದಮ್ಮಿನವರು ಇರುವ ಮನೆಯಲ್ಲಿ ಕೆಲಸಕ್ಕೆ ಬರುವುದು ಬೇರೆ: ಮಾರುಕಟ್ಟೆಯ ದಿನ ರಸ್ತೆ ಕಡೆಯ ಕಿಟಕಿ ಹಾಕಿ ಹಿತ್ತಲ ಕಡೆಯದನ್ನು ತೆರೆಯುವುದು, ಒಣ ಕಸಬರಿಗೆ ಆಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು, ಮೆಣಸಿನಕಾಯಿ ಕೆಲಸದಿಂದ ಬಂದವರು ಬಟ್ಟೆ ಬದಲಿಸಿ ಕೈ ತೊಳೆದ ಮೇಲೆ ರೋಗಿಯ ಹತ್ತಿರ ಹೋಗುವುದು, ಹೊಸ ಬಣ್ಣದ ವಾಸನೆ ಹೋಗುವವರೆಗೆ ಆ ಕೋಣೆಯಲ್ಲಿ ಅವರನ್ನು ಮಲಗಿಸದಿರುವುದು. ಇನ್‌ಹೇಲರನ್ನು ವೈದ್ಯರು ಹೇಳಿದಂತೆ ತಪ್ಪದೆ ತೆಗೆದುಕೊಳ್ಳಬೇಕು. ರಮಝಾನ್‌ನಲ್ಲಿ ಅದರ ಸಮಯದ ಬಗ್ಗೆ ಸಂಶಯವಿದ್ದರೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಗಿಡ ಬಂತೆಂದು ಔಷಧಿ ಬಿಡುವುದು ಜೀವಕ್ಕೇ ಕುತ್ತು.

ಹಾಗಾದರೆ ಗಾಳಿಯ ವಿಷಯದಲ್ಲಿ ಎರಡೂ ಗಿಡ ಸರಿಸಮ, ಅಂದರೆ ಎರಡರಿಂದಲೂ ಲಾಭವಿಲ್ಲ. ಕಣ್ಣಿಗೆ ಹಸಿರು ತಂಪು, ಮನಸ್ಸಿಗೆ ಹಿತ. ಅದಕ್ಕಾಗಿ ಇಡುವುದಾದರೆ ಖಂಡಿತ ಇಡಿ. ಆಯ್ಕೆ ಮಾಡಬೇಕಾದದ್ದು ಬೇರೆ ಎರಡು ಕಾರಣಕ್ಕೆ. ಒಂದು ಬಾಯಿ, ಇನ್ನೊಂದು ಸೊಳ್ಳೆ.

ವೀಳ್ಯದೆಲೆಯಂತೆ ಕಾಣುವ ಎಲೆ

ಸವಣೂರಿನ ಎಲೆ ತಿಂದು ಬೆಳೆದ ಜಿಲ್ಲೆ ನಮ್ಮದು. ಒಮ್ಮೆ ಮನಿ ಪ್ಲಾಂಟಿನ ಎಳೆಯ ಎಲೆಯನ್ನು ವೀಳ್ಯದೆಲೆಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಬಳ್ಳಿ, ಎರಡೂ ಹೃದಯದ ಆಕಾರ, ಎರಡಕ್ಕೂ ಹೊಳಪು. ಕಣ್ಣು ಚೆನ್ನಾಗಿದ್ದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ವೀಳ್ಯದೆಲೆಯಲ್ಲಿ ತೊಟ್ಟಿನ ಬುಡದಿಂದಲೇ ಹಲವು ನರಗಳು ಬಿಲ್ಲಿನಂತೆ ಬಾಗಿ ತುದಿಯತ್ತ ಹೋಗುತ್ತವೆ, ಹರಿದರೆ ಘಮ ಬರುತ್ತದೆ. ಮನಿ ಪ್ಲಾಂಟಿನ ಎಲೆ ಮೇಣ ಸವರಿದಂತೆ ದಪ್ಪ, ನಡುವಿನ ಒಂದು ನರವೇ ಎದ್ದು ಕಾಣುತ್ತದೆ, ಸಾಮಾನ್ಯವಾಗಿ ಹಳದಿ ಚುಕ್ಕೆ-ಪಟ್ಟೆ ಇರುತ್ತದೆ, ಘಮ ಇಲ್ಲ. ಆದರೆ ಕತ್ತಲು ಬಿದ್ದ ಪಡಸಾಲೆಯಲ್ಲಿ ಕೈಯಾಡಿಸಿ ಎಲೆ ಹುಡುಕುವ ದಾದಿಗೆ, “ಎಲೆ-ಅಡಿಕೆ” ಆಟ ಆಡುವ ಮಕ್ಕಳಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು?

ಮನಿ ಪ್ಲಾಂಟ್ ಕೆಸುವು, ಸುವರ್ಣಗಡ್ಡೆಗಳ ಕುಲದ್ದು. ಸರಿಯಾಗಿ ಬೇಯದ ಸುವರ್ಣಗಡ್ಡೆ ತಿಂದು ಗಂಟಲು ಕೆರೆದದ್ದು ಯಾರಿಗೆ ನೆನಪಿಲ್ಲ? ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಈ ಗಿಡಗಳ ಒಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಎಲೆ ಅಗಿದ ಕೂಡಲೇ ಅವು ತುಟಿ, ನಾಲಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಉರಿ, ಜೊಲ್ಲು ಸುರಿಯುವುದು, ತುಟಿ ಊದುವುದು, ನುಂಗಲು ಕಷ್ಟ, ಕೆಲವೊಮ್ಮೆ ವಾಂತಿ. ಉರಿಗೆ ಹೆದರಿ ಮಗು ಕೂಡಲೇ ಉಗುಳಿಬಿಡುವುದರಿಂದ ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ. ಅಪಾಯ ಇರುವುದು ಗಂಟಲ ಒಳಗೆ ಊದಿಕೊಂಡಾಗ. ಬಳ್ಳಿ ಕತ್ತರಿಸಿದ ಕೈಯಲ್ಲಿ ಕಣ್ಣುಜ್ಜಿಕೊಂಡರೂ ಉರಿಯುತ್ತದೆ, ಕೆಲವರ ಚರ್ಮಕ್ಕೆ ತುರಿಕೆಯಾಗುತ್ತದೆ.

ಮಗುವೋ ಹಿರಿಯರೋ ಎಲೆ ಅಗಿದುಬಿಟ್ಟರೆ ಬಾಯಲ್ಲಿ ಉಳಿದ ಚೂರುಗಳನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆಯಿರಿ. ದೊಡ್ಡವರಾದರೆ ಬಾಯಿ ಮುಕ್ಕಳಿಸಲಿ. ನುಂಗಲು ಆಗುವಂತಿದ್ದರೆ ತಣ್ಣನೆಯ ಹಾಲನ್ನೋ ನೀರನ್ನೋ ಗುಟುಕು ಗುಟುಕಾಗಿ ಕೊಡಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಆ ಹರಳು ಗಂಟಲಿಗೆ ಎರಡನೇ ಸಲ ಉಜ್ಜುತ್ತದೆ. ಉಪ್ಪುನೀರು, ಎಣ್ಣೆ ಏನೂ ಬೇಡ. ಧ್ವನಿ ಬದಲಾದರೆ, ಉಸಿರಿಗೆ ಕಷ್ಟವಾದರೆ, ಜೊಲ್ಲು ನಿಲ್ಲದೆ ನುಂಗಲಾಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಹೋಗುವಾಗ ಆ ಎಲೆಯ ಒಂದು ತುಂಡು ಜೊತೆಗಿರಲಿ. “ಯಾವುದೋ ಗಿಡ ತಿಂದಿದೆ” ಎನ್ನುವುದಕ್ಕೂ ಎಲೆ ತೋರಿಸುವುದಕ್ಕೂ ವೈದ್ಯರಿಗೆ ಬಹಳ ವ್ಯತ್ಯಾಸ.

ಸ್ನೇಕ್ ಪ್ಲಾಂಟ್ ಪಾಪದ ಗಿಡವೇ? ಅಲ್ಲ. ಅದರಲ್ಲಿ ಸಪೋನಿನ್ ಎಂಬ, ಅಂಟುವಾಳದ ನೊರೆಯ ಜಾತಿಯ ಪದಾರ್ಥ ಇದೆ. ತಿಂದರೆ ಹೊಟ್ಟೆ ತೊಳಸುವುದು, ವಾಂತಿ, ಭೇದಿ ಆಗಬಹುದು, ಬೆಕ್ಕಿಗೂ ಅಷ್ಟೆ. ಆದರೆ ಬಾಯಲ್ಲಿ ಸೂಜಿ ಚುಚ್ಚಿದಂಥ ಆ ಉರಿ ಇಲ್ಲ. ಎಲೆ ನಾರು ನಾರು, ದಪ್ಪ. ಹಲ್ಲಿಲ್ಲದ ಕೂಸಿಗೆ ಅದನ್ನು ಕಚ್ಚಿ ತುಂಡು ಮಾಡಲಾಗುವುದಿಲ್ಲ, ವೀಳ್ಯದೆಲೆ ಎಂದು ಯಾರೂ ಮೋಸಹೋಗುವುದೂ ಇಲ್ಲ. ಅದರ ನಿಜವಾದ ತೊಂದರೆ ಎಲೆಯ ತುದಿ. ಕೆಲವು ಜಾತಿಯಲ್ಲಿ ಅದು ಗಟ್ಟಿಯಾಗಿ ಮೊನಚಾಗಿರುತ್ತದೆ, ಕುಂಡ ನೆಲದ ಮೇಲಿದ್ದರೆ ಸರಿಯಾಗಿ ಅಂಬೆಗಾಲಿಡುವ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತದೆ. ತುದಿಯನ್ನು ಕತ್ತರಿಯಿಂದ ಸ್ವಲ್ಪ ಕತ್ತರಿಸಬಹುದು. ಆ ಎಲೆ ಮುಂದೆ ಉದ್ದವಾಗುವುದಿಲ್ಲ ಅಷ್ಟೆ, ಗಿಡಕ್ಕೇನೂ ಆಗುವುದಿಲ್ಲ.

ಬಾಟಲಿ ನೀರಿನಲ್ಲಿ ಏನೇನು ಬೆಳೆಯುತ್ತದೆ

ಹಾವೇರಿ, ರಾಣೆಬೆನ್ನೂರಿನ ಮನೆಗಳಲ್ಲಿ ಮನಿ ಪ್ಲಾಂಟ್ ಹೆಚ್ಚಾಗಿ ಬದುಕುವುದು ಮಣ್ಣಿನಲ್ಲಲ್ಲ, ಗಾಜಿನ ಬಾಟಲಿಯಲ್ಲಿ. ಶೋಕೇಸಿನ ಮೇಲೆ ಒಂದು, ಫ್ರಿಜ್ಜಿನ ಮೇಲೆ ಒಂದು. ನೋಡಲು ಚೆಂದ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇದೇ: ಮನೆಯೊಳಗೆ, ನೆರಳಿನಲ್ಲಿ, ಕದಲದೆ ನಿಂತ ತಿಳಿನೀರು. ಅದು ಚರಂಡಿಯ ಸೊಳ್ಳೆಯಲ್ಲ. ನೀರಿನ ಮಟ್ಟದ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಕಚ್ಚುವುದು ಹಗಲಿನಲ್ಲಿ, ಅಂದರೆ ರಾತ್ರಿಯ ಸೊಳ್ಳೆಪರದೆಯಿಂದ ಪೂರ್ತಿ ರಕ್ಷಣೆ ಇಲ್ಲ.

“ನಾವು ವಾರಕ್ಕೊಮ್ಮೆ ನೀರು ಬದಲಿಸ್ತೀವಲ್ಲ” ಎನ್ನುವವರು ಇದ್ದಾರೆ. ಬರೀ ಚೆಲ್ಲಿ ತುಂಬಿದರೆ ಗೋಡೆಗೆ ಅಂಟಿದ ಮೊಟ್ಟೆ ಅಲ್ಲೇ ಉಳಿಯುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ತಾಗಿದಾಗ ಒಡೆಯುತ್ತದೆ. ಬಾಟಲಿಯ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಕಿರಿದಾದ ಕತ್ತಿನ ಬಾಟಲಿಗೆ ಬ್ರಷ್ ಹೋಗುವುದಿಲ್ಲವಾದರೆ ಒಂದು ಹಿಡಿ ಅಕ್ಕಿಯೋ ದಪ್ಪ ಮರಳೋ ಹಾಕಿ, ಸ್ವಲ್ಪ ನೀರು ಬಿಟ್ಟು ಜೋರಾಗಿ ಕುಲುಕಿ ತೊಳೆಯಿರಿ. ಬಳ್ಳಿಯ ಸುತ್ತ ಬಾಯಿಯನ್ನು ಹತ್ತಿಯಿಂದ ಸಂದಿಲ್ಲದಂತೆ ಮುಚ್ಚಿದರೆ ಸೊಳ್ಳೆ ಒಳಗೆ ಹೋಗದು. ಎಲ್ಲಕ್ಕಿಂತ ಸುಲಭ ದಾರಿ, ಬಳ್ಳಿಯನ್ನು ಮಣ್ಣಿಗೆ ನೆಡುವುದು. ಆಗಲೂ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಂತೆ ನೋಡಬೇಕು. ಈ ಮಾತು ಸ್ನೇಕ್ ಪ್ಲಾಂಟಿನ ತಟ್ಟೆಗೂ ಅನ್ವಯ.

2024ರ ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಜಾಗ ಕೊಡುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದಾಗ ನಾವು ಬಚ್ಚಲ ಹಂಡೆ, ಸಿಂಟೆಕ್ಸ್ ಟ್ಯಾಂಕ್ ತೋರಿಸಿ ಕಳಿಸುತ್ತೇವೆ. ಶೋಕೇಸಿನ ಮೇಲಿನ ಹಸಿರು ಬಾಟಲಿಯನ್ನು ತೋರಿಸಬೇಕೆಂದು ನಮಗೂ ಹೊಳೆಯುವುದಿಲ್ಲ.

ಮನಿ ಪ್ಲಾಂಟಿನ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. ಇನ್ನೊಬ್ಬರ ಮನೆಯಿಂದ ಕದ್ದು ತಂದು ನೆಟ್ಟರೇ ದುಡ್ಡು ಬರುತ್ತದಂತೆ! ನಮ್ಮ ಓಣಿಯಲ್ಲಿಯೂ ಇದನ್ನು ನಂಬುವವರಿದ್ದಾರೆ. ಕದ್ದ ವಸ್ತುವಿನಿಂದ ಬರಕತ್ ಹುಡುಕುವುದು ಎಲ್ಲಿಯ ನ್ಯಾಯವೋ ತಿಳಿಯದು. ಕೇಳಿದರೆ ಯಾರೂ ಇಲ್ಲ ಎನ್ನದ ಬಳ್ಳಿ ಅದು. ಶಾಂತಸಾಗರದ ನಡುವಿನ ಮೊರಿಯಾ ಎಂಬ ಸಣ್ಣ ದ್ವೀಪದಿಂದ ಹೊರಟು ಲೋಕವೆಲ್ಲ ತುಂಬಿದೆ, ಅದೂ ಹೂಬಿಟ್ಟು ಬೀಜವಾಗಿ ಅಲ್ಲ. ಹೂಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಚೋದಕ ಅದರಲ್ಲಿ ತಯಾರಾಗುವುದಿಲ್ಲವಾದ್ದರಿಂದ ಅದು ಹೂಬಿಡುವುದೇ ಅಪರೂಪ. ಕೈಯಿಂದ ಕೈಗೆ ಒಂದೊಂದು ಗೆಣ್ಣು ಕೊಟ್ಟುಕೊಂಡೇ ಇಷ್ಟು ಹಬ್ಬಿದ್ದು. ಗೆಣ್ಣು ಇಲ್ಲದ ಬರೀ ಎಲೆ ತಂದರೆ ನೀರಿನಲ್ಲಿ ವರ್ಷ ನಿಂತರೂ ಬಳ್ಳಿ ಆಗದು.

ಸಾಕುವುದರಲ್ಲಿ

ಮನಿ ಪ್ಲಾಂಟ್ ಮಾತಾಡುವ ಗಿಡ. ಬಾಯಾರಿದರೆ ಎಲೆ ಜೋಲಿಬಿಡುತ್ತದೆ, ನೀರು ಕೊಟ್ಟರೆ ಸಂಜೆಗೆ ಎದ್ದು ನಿಲ್ಲುತ್ತದೆ. ಬೆಳಕು ಕಡಿಮೆಯಾದರೆ ಹಳದಿ ಪಟ್ಟೆ ಹೋಗಿ ಬರೀ ಹಸಿರಾಗುತ್ತದೆ, ಏಪ್ರಿಲ್-ಮೇ ತಿಂಗಳ ನೇರ ಬಿಸಿಲು ಬಿದ್ದರೆ ಎಲೆ ಸುಟ್ಟು ಕಂದಾಗುತ್ತದೆ. ಹೊಸದಾಗಿ ಗಿಡ ಸಾಕುವವರಿಗೆ ಒಳ್ಳೆಯ ಗುರು.

ಸ್ನೇಕ್ ಪ್ಲಾಂಟ್ ಮೂಕ. ಸಾಯುವವರೆಗೂ ಏನೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಒಂದನ್ನು ವುಝೂ ಮಾಡುವ ನಲ್ಲಿಯ ಪಕ್ಕ ಇಟ್ಟಿದ್ದೆವು. ನೀರು ಹಾಳು ಮಾಡಬಾರದೆಂದು ಪ್ರತಿಯೊಬ್ಬರೂ ತಂಬಿಗೆಯಲ್ಲಿ ಉಳಿದದ್ದನ್ನು ಅದಕ್ಕೇ ಸುರಿಯುತ್ತಿದ್ದರು. ದಿನಕ್ಕೆ ಐದು ಹೊತ್ತು, ಮನೆಯಲ್ಲಿ ಆರು ಮಂದಿ! ಎರಡು ತಿಂಗಳು ಗಿಡ ನೆಟ್ಟಗೆ ನಿಂತಿತ್ತು. ಒಂದು ದಿನ ಮುಟ್ಟಿದರೆ ಬುಡವೆಲ್ಲ ಕೊಳೆತು ಎಲೆ ಕೈಗೇ ಬಂತು. ಒಳ್ಳೆಯ ಉದ್ದೇಶದ ನೀರೂ ಹೆಚ್ಚಾದರೆ ಅದಕ್ಕೆ ತಡೆಯದು. ಆ ನೀರನ್ನು ಈಗ ಹಿತ್ತಲ ಕರಿಬೇವಿಗೆ ಹಾಕುತ್ತೇವೆ. ಸ್ನೇಕ್ ಪ್ಲಾಂಟಿಗೆ ಮಣ್ಣಿನಲ್ಲಿ ಎರಡು ಬೆರಳು ಇಳಿಸಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ಹತ್ತು-ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಆದರೂ ನಡೆಯುತ್ತದೆ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಮಣ್ಣಿನ ವಿಷಯದಲ್ಲಿ ನಮ್ಮ ಕಡೆಯವರು ಮಾಡುವ ತಪ್ಪೊಂದಿದೆ: ಹೊಲದ ಎರೆಮಣ್ಣನ್ನು ತಂದು ಕುಂಡಕ್ಕೆ ತುಂಬುವುದು. ಹತ್ತಿಗೆ ಒಳ್ಳೆಯದಾದ ಆ ಕಪ್ಪು ಮಣ್ಣು ಕುಂಡದಲ್ಲಿ ನೀರನ್ನು ಬಿಡುವುದೇ ಇಲ್ಲ, ಒಣಗಿದರೆ ಕಲ್ಲಿನಂತೆ ಬಿರಿಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಬಣ್ಣದ ಡಬ್ಬಿಯಲ್ಲಿ ನೆಡುವುದಾದರೆ ತಳಕ್ಕೆ ನಾಲ್ಕು ತೂತು ಮರೆಯಬೇಡಿ. ಇನ್ನೊಂದು ಮಾತು, ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ತುಂಡು ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚು ಇರುವುದಿಲ್ಲ. ಅದೇ ಬೇಕಾದರೆ ಬುಡದಿಂದ ಮರಿ ಬೇರ್ಪಡಿಸಿ ನೆಡಬೇಕು.

ಅಕ್ಕನ ಮಗಳಿಗೆ ನಾನು ಹೇಳಿದ್ದು ಸ್ನೇಕ್ ಪ್ಲಾಂಟ್. ಗಾಳಿಗಾಗಿ ಅಲ್ಲ, ದಾದಿಯ ಎಲೆ-ಅಡಿಕೆ ಮತ್ತು ಡೆಂಗಿಗಾಗಿ. ತಳ ಭಾರವಿರುವ ಕುಂಡದಲ್ಲಿ, ಕೂಸಿನ ಕೈಗೂ ಬೆಕ್ಕಿನ ಬಾಯಿಗೂ ಸಿಗದ ಗಟ್ಟಿ ಕಟ್ಟೆಯ ಮೇಲೆ, ತುದಿ ಕತ್ತರಿಸಿ. ಮಾವನ ಮಂಚದ ಪಕ್ಕ ಬೇಕೆಂದಿಲ್ಲ. ಕುಂಡದ ಮಣ್ಣು ಸದಾ ಒದ್ದೆಯಿದ್ದರೆ ಬೂಷ್ಟು ಹಿಡಿಯುತ್ತದೆ, ಅದು ದಮ್ಮಿಗೆ ಒಳ್ಳೆಯದಲ್ಲ. ಮಕ್ಕಳು ದೊಡ್ಡವರಾದ, ಎಲೆ ತಿನ್ನುವ ಹಿರಿಯರಿಲ್ಲದ ಮನೆಯಾದರೆ ನಾನೇ ಮನಿ ಪ್ಲಾಂಟಿನ ಗೆಣ್ಣು ಕೊಟ್ಟು ಕಳಿಸುತ್ತಿದ್ದೆ, ಮಣ್ಣಿನ ಕುಂಡದಲ್ಲಿ ನೆಟ್ಟು ಎತ್ತರಕ್ಕೆ ತೂಗುಹಾಕುವ ಷರತ್ತಿನ ಮೇಲೆ. ನರ್ಸರಿಯಲ್ಲಿ ಇವೆರಡರ ಪಕ್ಕದಲ್ಲೇ ಅಗಲ ಎಲೆಯ, ಬಿಳಿ ಚುಕ್ಕೆಯ ಡಿಫೆನ್‌ಬಾಕಿಯಾ ಇಟ್ಟಿರುತ್ತಾರೆ. ಅದೂ ಕೆಸುವಿನ ಕುಲವೇ, ಉರಿ ಇನ್ನೂ ಜೋರು. ಸಣ್ಣ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ.

“ಕಿಟಕಿಗೆ ಮುಂಜಾನೆ ಬಿಸಿಲು ಬೀಳ್ತದೇನು?” ಎಂದು ಕೊನೆಗೆ ಕೇಳಿದೆ. ಬೀಳುತ್ತದಂತೆ. ಹಾಗಿದ್ದರೆ ಅಲ್ಲಿಗೆ ಪುದೀನ ಹಾಕು ಎಂದೆ. ಸಂತೆಯಿಂದ ತಂದ ಕಟ್ಟಿನಲ್ಲಿ ನಾಲ್ಕು ಒಳ್ಳೆಯ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ಒದ್ದೆ ಮಣ್ಣಿಗೆ ಚುಚ್ಚಿದರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಕೂಸು ಕಿತ್ತು ಬಾಯಿಗಿಟ್ಟುಕೊಂಡರೂ ಹೆದರಿಕೆಯಿಲ್ಲ, ಈದ್‌ನ ಬಿರಿಯಾನಿಗೂ ಆಯಿತು.